ಬೇಸ್‌ಬಾಲ್ ಆಟದಲ್ಲಿ ಓಟದ ಲೆಕ್ಕ

ಕ್ರಿಕೆಟ್ಟನ್ನು ಬಲ್ಲ ನಮ್ಮ ಶ್ರೋತೃಗಳಿಗೆ ಅಮೆರಿಕದ ಬೇಸ್‌ಬಾಲ್ ತೀರ ಹೊರಗಿನದೆನಿಸಲಾರದು. ಅಲ್ಲಿಯೂ ಚೆಂಡುಂಟು, ದಾಂಡುಂಟು, ತೀರ್ಪುಗಾರನುಂಟು. ಆದರೆ ಓಡಿ ಮುಗಿಸಿದ ಓಟವೂ ಕೆಲವೊಮ್ಮೆ ಲೆಕ್ಕಕ್ಕೆ ಬಾರದೆ ಹೋಗುವುದು ಆ ಆಟದ ಒಂದು ವಿಶೇಷ. ಅದರ ಹಿಂದಿರುವ ನ್ಯಾಯವನ್ನು ನಾವು ಇಂದು ವಿಚಾರ ಮಾಡೋಣ.

ಮೈದಾನದಲ್ಲಿ ಚೌಕವಾಗಿ ನಾಲ್ಕು ಬೇಸುಗಳು. ಆಟಗಾರನು ಒಂದು, ಎರಡು, ಮೂರನೆಯ ಬೇಸುಗಳನ್ನು ಕ್ರಮವಾಗಿ ಮುಟ್ಟಿ, ಹೊರಟ ಮನೆಗೆ ಮರಳಿದರೆ ಒಂದು ಓಟ. ಮೂವರು ಔಟಾದರೆ ಆ ಪಕ್ಷದ ಸರದಿ ಮುಗಿಯಿತು. ಒಬ್ಬನು ಮನೆಯನ್ನು ಮುಟ್ಟುತ್ತಿರುವಾಗಲೇ ಇನ್ನೊಬ್ಬನು ಬೇರೆಡೆ ಮೂರನೆಯವನಾಗಿ ಔಟಾದರೆ, ಯಾವುದು ಮೊದಲು ನಡೆಯಿತೆಂಬುದೇ ಸಾಮಾನ್ಯವಾಗಿ ನಿರ್ಣಾಯಕ. ಮನೆ ಮುಟ್ಟಿದ್ದು ಮೊದಲಾದರೆ ಓಟ ಉಳಿಯುತ್ತದೆ.

ಇದಕ್ಕೆ ಮುಖ್ಯವಾದ ಅಪವಾದವೇ ಫೋರ್ಸ್ ಔಟ್. ದಾಂಡಿಗನು ಚೆಂಡನ್ನು ನೆಲಕ್ಕೆ ಹೊಡೆದನೆಂದರೆ ಮೊದಲನೆಯ ಬೇಸಿಗೆ ಓಡಲೇಬೇಕು. ಒಂದು ಬೇಸಿನಲ್ಲಿ ಇಬ್ಬರಿಗೆ ಎಡೆಯಿಲ್ಲ; ಆದಕಾರಣ ಅಲ್ಲಿದ್ದವನು ಎರಡನೆಯದಕ್ಕೆ ತೆರಳಲೇಬೇಕು. ಅವನು ಸೇರುವ ಮುನ್ನ ಎದುರಾಳಿಯು ಚೆಂಡನ್ನು ಹಿಡಿದು ಆ ಬೇಸನ್ನು ಮುಟ್ಟಿದರೆ ಸಾಕು, ಅವನು ಔಟು. ಅದು ಮೂರನೆಯ ಔಟಾದರೆ, ಮನೆಯನ್ನು ಅದಕ್ಕೆ ಮೊದಲೇ ಮುಟ್ಟಿದ್ದವನ ಓಟವೂ ಶೂನ್ಯವೇ. ಹೊಡೆತದಿಂದ ಒದಗಿದ ಕಡ್ಡಾಯವೇ ನೆರವೇರದಿರುವಾಗ ಅದರ ಫಲವನ್ನು ಇಟ್ಟುಕೊಳ್ಳುವುದೆಂತು?

1908ನೆಯ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಜೈಂಟ್ಸ್ ಮತ್ತು ಷಿಕಾಗೋ ಕಬ್ಸ್ ತಂಡಗಳು ಒಂದೊಂದು ಓಟದ ಸಮದಲ್ಲಿದ್ದವು. ಜೈಂಟ್ಸರ ಕೊನೆಯ ಸರದಿ, ಇಬ್ಬರು ಔಟಾಗಿದ್ದರು. ಮೂರನೆಯ ಬೇಸಿನಲ್ಲಿ ಮೆಕಾರ್ಮಿಕ್, ಮೊದಲನೆಯದರಲ್ಲಿ 19 ವರ್ಷದ ತರುಣ ಫ್ರೆಡ್ ಮರ್ಕಲ್. ಬ್ರಿಡ್ವೆಲ್ ಚೆಂಡನ್ನು ದೂರ ಹೊಡೆದನು. ಮೆಕಾರ್ಮಿಕ್ ಮನೆ ಮುಟ್ಟಿದನು. ಜನ ಮೈದಾನಕ್ಕೆ ನುಗ್ಗಿತು. ಗೆದ್ದೆವೆಂದು ಬಗೆದು ಮರ್ಕಲನು ಎರಡನೆಯ ಬೇಸನ್ನು ಮುಟ್ಟದೆ ತಿರುಗಿದನು. ಅಂದಿನ ವಾಡಿಕೆಯೂ ಹಾಗೆಯೇ ಇತ್ತು. ಕಬ್ಸರ ಎವರ್ಸ್ ಚೆಂಡನ್ನು ತರಿಸಿ ಬೇಸನ್ನು ಮುಟ್ಟಿದನು. ಅದು ಆಟದ ಚೆಂಡೇ ಹೌದೋ ಅಲ್ಲವೋ ಎಂಬ ವಿವಾದ ಇಂದಿಗೂ ಮುಗಿದಿಲ್ಲ. ತೀರ್ಪುಗಾರ ಓಡೇ ಮರ್ಕಲನನ್ನು ಔಟೆಂದನು; ಓಟ ಅಳಿಯಿತು, ಪಂದ್ಯ ಸಮವಾಯಿತು. ಋತುವಿನ ಕೊನೆಗೆ ತಂಡಗಳೆರಡೂ ಸರಿಸಮವಾಗಿ ನಿಂತುದರಿಂದ ಅಕ್ಟೋಬರ್ 8ರಂದು ಮತ್ತೆ ಆಡಬೇಕಾಯಿತು. ಕಬ್ಸ್ 4–2ರಿಂದ ಗೆದ್ದಿತು. ಮರ್ಕಲನು ಮುಂದೆ ಅನೇಕ ವರ್ಷ ಚೆನ್ನಾಗಿ ಆಡಿದರೂ ಜನ ಅವನನ್ನು ನೆನೆದದ್ದು ಆ ಒಂದು ಬೇಸಿನಿಂದಲೇ.

ಇನ್ನು ಅಪೀಲಿನ ವಿಷಯ. ಹಾರಿದ ಚೆಂಡನ್ನು ಎದುರಾಳಿ ಹಿಡಿದರೆ, ಅದಕ್ಕೆ ಮುಂಚೆ ಬೇಸನ್ನು ಬಿಟ್ಟವನು ಹಿಂದಿರುಗಿ ಮುಟ್ಟಬೇಕು. ಮುಟ್ಟದಿದ್ದರೆ ತೀರ್ಪುಗಾರನು ತಾನಾಗಿ ಏನನ್ನೂ ಹೇಳುವುದಿಲ್ಲ; ಎದುರಾಳಿಗಳೇ ಮುಂದಿನ ಎಸೆತಕ್ಕೆ ಮೊದಲು ಚೆಂಡನ್ನು ಆ ಬೇಸಿಗೆ ಒಯ್ದು ಕೇಳಬೇಕು. ದಾವೆ ಹೂಡದವನಿಗೆ ಡಿಕ್ರಿ ಇಲ್ಲ. ಇಂಥ ಔಟು ಫೋರ್ಸ್ ಔಟಿನಂತೆ ತೋರಿದರೂ ಅದಲ್ಲ. ಇಲ್ಲಿ ಇನ್ನೊಬ್ಬನು ಗಳಿಸಿದ ಓಟಕ್ಕೆ ಕಾಲಕ್ರಮವೇ ಪ್ರಮಾಣ.

2009ರ ಏಪ್ರಿಲ್ 12ರಂದು ಅರಿಜೋನಾದ ತಂಡ ಇದನ್ನು ಮರೆಯಿತು. ಲಾಸ್ ಏಂಜಲಿಸ್‌ನ ಡಾಡ್ಜರ್ಸರಲ್ಲಿ ಒಬ್ಬನು ಔಟಾಗಿದ್ದನು. ಎಸೆತಗಾರನು ಚೆಂಡನ್ನು ಗಾಳಿಯಲ್ಲೇ ಹಿಡಿದನು: ಎರಡು. ಎರಡನೆಯ ಬೇಸನ್ನು ಬಿಟ್ಟಿದ್ದ ಪಿಯರ್ ಸಿಕ್ಕಿಬಿದ್ದನು: ಮೂರು. ಆದರೆ ಅಷ್ಟರೊಳಗೆ ಈಥಿಯರ್ ಮೂರನೆಯ ಬೇಸಿಗೆ ಹಿಂದಿರುಗದೆಯೇ ಮನೆ ಮುಟ್ಟಿದ್ದನು. ಅವನ ಮೇಲೆ ಅಪೀಲು ಮಾಡಿದ್ದರೆ ಆ ‘ನಾಲ್ಕನೆಯ ಔಟು’ ಮೂರನೆಯದರ ಸ್ಥಾನಕ್ಕೆ ಬಂದು ಓಟ ಅಳಿಯುತ್ತಿತ್ತು. ಯಾರೂ ಕೇಳಲಿಲ್ಲ, ಎಲ್ಲರೂ ಮೈದಾನವನ್ನು ಬಿಟ್ಟರು, ಓಟ ನಿಂತಿತು.

ಒಂದೆಡೆ ಕೇಳಿದವರಿಗೆ ಗೆಲವು ದೊರೆಯಿತು, ಮತ್ತೊಂದೆಡೆ ಕೇಳದವರು ಓಟ ತೆತ್ತರು. ನಿಯಮವನ್ನು ಗ್ರಂಥದಲ್ಲಿ ಬರೆದಿಟ್ಟ ಮಾತ್ರಕ್ಕೆ ಅದು ನಮ್ಮನ್ನು ಕಾಯಲಾರದು. ಸಮಯಕ್ಕೆ ಅದನ್ನು ನೆನೆಯುವವರು ಬೇಕು.