ಮರಳಿನಲ್ಲಿ ಬನ್ನಿ ಮರ

ಮರಳುಗಾಡಿಗೆ ಹೊಸದಾಗಿ ಬಂದವರ ಬಾಯಲ್ಲಿ ಮೊದಲು ಬರುವ ಮಾತು: ಇಲ್ಲಿ ಏನೂ ಇಲ್ಲ. ಕ್ಯಾಲನೂರು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ದುಬೈ, ಅಬುಧಾಬಿ, ಅಲ್ ಐನ್‌ಗೆ ದುಡಿಯಲು ಬಂದವರೂ ಹಾಗೆಯೇ ಹೇಳಬಹುದು. ಆದರೆ ಈ ನೆಲವನ್ನು ಬೇಗ ಓದಬಲ್ಲವರು ಅವರೇ. ವರ್ಷವಿಡೀ ಹರಿಯುವ ಒಂದು ನದಿಯೂ ಅವರ ಕೋಲಾರ ಜಿಲ್ಲೆಗಿಲ್ಲ. 700 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಅದು ರಾಗಿ, ಅವರೆ ಬೆಳೆದುಕೊಂಡು ಬಂದಿದೆ. ಎಮಿರೇಟ್ಸಿನ ಬಹುಭಾಗಕ್ಕೆ ವರ್ಷಕ್ಕೆ 100 ಮಿಲಿಮೀಟರ್ ಬಿದ್ದರೆ ಹೆಚ್ಚು. ಬಿದ್ದ ಹನಿ ಎಲ್ಲಿಗೆ ಹೋಯಿತು ಎಂಬ ಲೆಕ್ಕದ ಮೇಲೆಯೇ ಎರಡೂ ಕಡೆಯ ಬದುಕು ನಿಂತಿದೆ.

ಕಣ್ಣು ಮೊದಲು ಪಳಗುವುದು ಮರಳಿನ ಬಣ್ಣಕ್ಕೆ. ಕಡಲಂಚಿನ ಮರಳಿನಲ್ಲಿ ಚಿಪ್ಪಿನ ಪುಡಿ ಹೆಚ್ಚು, ಆದ್ದರಿಂದ ಅದು ಬಿಳುಪು. ಅಲ್ ಐನ್ ಕಡೆಗೆ ಹೋದಂತೆ ಮರಳು ಕೆಂಪಾಗುತ್ತದೆ; ಪ್ರತಿ ಕಣದ ಮೇಲೂ ಕಬ್ಬಿಣದ ತುಕ್ಕಿನ ತೆಳು ಲೇಪವಿದೆ. ಕೋಲಾರದ ಕೆಮ್ಮಣ್ಣಿಗೆ ಬಣ್ಣ ಕೊಟ್ಟದ್ದೂ ಇದೇ ತುಕ್ಕು. ದಿಬ್ಬದ ಒಂದು ಮಗ್ಗುಲು ಸಾವಕಾಶವಾಗಿ ಏರಿದರೆ ಅದು ಗಾಳಿ ಬೀಸಿ ಬರುವ ದಿಕ್ಕು. ಇನ್ನೊಂದು ಮಗ್ಗುಲು ಸುಮಾರು 34 ಡಿಗ್ರಿ ಕಡಿದಾಗಿ ಇಳಿಯುತ್ತದೆ. ಅದಕ್ಕಿಂತ ಕಡಿದಾದರೆ ಮರಳು ತಾನಾಗಿ ಜಾರುತ್ತದೆ.

ಈ ಮರಳಿನ ನಡುವೆ, ಕೊಂಬೆಗಳನ್ನು ಇಳಿಬಿಟ್ಟು ಒಂಟಿಯಾಗಿ ನಿಂತ ಹಸಿರು ಮರವನ್ನು ಅರಬರು ಘಾಫ್ ಎನ್ನುತ್ತಾರೆ. ಎಮಿರೇಟ್ಸ್ ಅದನ್ನು 2008ರಲ್ಲಿ ರಾಷ್ಟ್ರವೃಕ್ಷವೆಂದು ಸಾರಿತು; 2019ರ ಸಹಿಷ್ಣುತೆಯ ವರ್ಷಕ್ಕೂ ಅದೇ ಲಾಂಛನವಾಯಿತು. ಸಸ್ಯಶಾಸ್ತ್ರದಲ್ಲಿ ಅದು ಪ್ರೊಸೋಪಿಸ್ ಸಿನೆರೇರಿಯಾ. ಕನ್ನಡದಲ್ಲಿ ಬನ್ನಿ. ಪಾಂಡವರು ಆಯುಧ ಬಚ್ಚಿಟ್ಟ ಮರ, ವಿಜಯದಶಮಿಯಂದು ಎಲೆಯನ್ನು ಬಂಗಾರವೆಂದು ಹಂಚುವ ಮರ, ಮೈಸೂರಿನ ಜಂಬೂಸವಾರಿ ಹೋಗಿ ಸೇರುವ ಬನ್ನಿಮಂಟಪಕ್ಕೆ ಹೆಸರು ಕೊಟ್ಟ ಮರ. ಥಾರ್ ಮರುಭೂಮಿಯಲ್ಲಿ ಇದರ ಹೆಸರು ಖೇಜಡಿ. ಅದನ್ನು ಕಡಿಯಲು ಬಿಡದೆ 1730ರಲ್ಲಿ ಜೋಧಪುರದ ಬಳಿ 363 ಮಂದಿ ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಇದರ ತಾಯಿಬೇರು 30 ಮೀಟರ್‌ವರೆಗೂ ನೀರು ಹುಡುಕಿ ಇಳಿಯಬಲ್ಲದು; ಸುಡುಬಿಸಿಲಿನಲ್ಲೂ ನೆರಳು ಉಳಿಯುವುದು ಅದರಿಂದಲೇ. ಒಂಟೆಗೆ ಮೇವು, ಜನಕ್ಕೆ ಕೂತು ಮಾತಾಡುವ ಕಟ್ಟೆ ಎರಡೂ ಅದೇ. ಮೊದಲ ಸಲ ಈ ಮರವನ್ನು ಬನ್ನಿ ಎಂದು ಗುರುತಿಸಿದ ಗಳಿಗೆಯಿಂದ ಕನ್ನಡಿಗರಿಗೆ ಮರಳುಗಾಡು ಪರನಾಡಾಗಿ ಉಳಿಯುವುದಿಲ್ಲ. ಅದೇ ಬಳಗದ ಇನ್ನೊಂದು ಮರವೂ ಅಲ್ಲಿದೆ, ಅಮೆರಿಕ ಖಂಡದಿಂದ ಬಂದದ್ದು. ಕೋಲಾರದ ಕೆರೆಯಂಗಳಗಳನ್ನು ನುಂಗಿದ ಬಳ್ಳಾರಿ ಜಾಲಿಯೇ ಅದು. ಎಮಿರೇಟ್ಸಿನಲ್ಲೂ ಅದು ಬೇಡದ ಕಡೆಯೆಲ್ಲ ಹಬ್ಬಿದೆ.

ನೀರಿನ ವಿಷಯಕ್ಕೆ ಬಂದರೆ, ಕೋಲಾರದ ಹಿರಿಯರು ಹರಿಯುವ ಮಳೆನೀರಿಗೆ ಅಡ್ಡಲಾಗಿ ಏರಿ ಕಟ್ಟಿ ಕೆರೆ ಮಾಡಿದರು. ಮರಳುಗಾಡಿನಲ್ಲಿ ಹಾಗೆ ಬಯಲಿನಲ್ಲಿ ನಿಲ್ಲಿಸಿದ ನೀರು ಬಿಸಿಲಿಗೆ ಆರಿಹೋಗುತ್ತದೆ. ಅದಕ್ಕೇ ಅಲ್ಲಿಯವರು ಬೆಟ್ಟದ ಬುಡದ ಅಂತರ್ಜಲವನ್ನು ನೆಲದೊಳಗಿನ ಕಾಲುವೆಯಲ್ಲಿ, ಅಳೆದಿಟ್ಟ ಸಣ್ಣ ಇಳಿಜಾರಿನಲ್ಲಿ, ತೋಟದವರೆಗೆ ತಂದರು. ಇದೇ ಫಲಜ್. ಅಲ್ ಐನ್ ಸುತ್ತಲಿನ ಹಳೆಯ ಫಲಜ್‌ಗಳಿಗೆ ಸುಮಾರು 3000 ವರ್ಷ. ಅಲ್ಲಿಯ ಓಯಸಿಸ್‌ಗಳು 2011ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮೇಲೆ ಖರ್ಜೂರ, ಅದರ ನೆರಳಲ್ಲಿ ಹಣ್ಣಿನ ಗಿಡ, ಅದರ ಕೆಳಗೆ ಹಸಿರು ಮೇವು. ಕೋಲಾರದ ಕೆರೆಯ ತೂಬು ನೀರುಗಂಟಿಯ ಕೈಯಲ್ಲಿತ್ತು. ಫಲಜ್‌ಗೂ ಅಂಥ ಒಬ್ಬ ಹೊಣೆಗಾರನಿದ್ದು, ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂದು ಪಾಲು ಹಾಕುತ್ತಿದ್ದ. ಒಮಾನಿನಲ್ಲಿ ಆ ಹೊತ್ತನ್ನು ಹಗಲು ಕೋಲಿನ ನೆರಳಿನಿಂದ, ರಾತ್ರಿ ನಕ್ಷತ್ರಗಳಿಂದ ಅಳೆಯುತ್ತಿದ್ದರು. ಎರಡೂ ಕಡೆ ಈಗ ಕೊಳವೆಬಾವಿ ಬಂದಿದೆ, ಅಂತರ್ಜಲ ಕೆಳಗಿಳಿದಿದೆ.

ಋತುವನ್ನೂ ಅಲ್ಲಿ ಆಕಾಶದಲ್ಲೇ ಓದಬೇಕು. ಆಗಸ್ಟ್ 24ರ ಸುಮಾರಿಗೆ ನಸುಕಿನಲ್ಲಿ ಸುಹೈಲ್ ನಕ್ಷತ್ರ ಕಂಡರೆ ಬೇಸಗೆಯ ಬಿಗಿ ಸಡಿಲಿತು ಎಂದು ಕೊಲ್ಲಿಯ ಜನ ಎಣಿಕೆ ಶುರುಮಾಡುತ್ತಾರೆ. ಈ ಸುಹೈಲ್ ನಮ್ಮ ಪಂಚಾಂಗದ ಅಗಸ್ತ್ಯ. ಅದು ಮೂಡಿದ ಮೇಲೆ ಮಳೆಗಾಲದ ಕದಡಿದ ನೀರು ತಿಳಿಯಾಗುತ್ತದೆ ಎಂಬುದು ಹಳೆಯ ನಂಬಿಕೆ. ಚಳಿಗಾಲದ ರಾತ್ರಿ ಕ್ಯಾಲನೂರಿನಿಂದ ನೋಡಿದರೆ ಅದು ದಕ್ಷಿಣ ದಿಗಂತದಿಂದ ಸುಮಾರು 24 ಡಿಗ್ರಿ ಮೇಲೇರುತ್ತದೆ. ಅಬುಧಾಬಿಯಲ್ಲಿ ಏರುವುದು ಸುಮಾರು 13 ಡಿಗ್ರಿ, ಮರಳುದಿಬ್ಬದ ನೆತ್ತಿಗಿಂತ ತುಸುವೇ ಮೇಲೆ.