ಕೊಪ್ಪರಿಗೆಯ ಹೈಡ್ರೋಸ್, ಬಣ್ಣದ ತೊಟ್ಟಿಯ ಗಂಧಕ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಯ ಕಡೆ ಆಲೆಮನೆ ಕಂಡವರಿಗೆ ‘ಹೈಡ್ರೋಸ್’ ಹೊಸ ಹೆಸರಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಈ ಬಿಳಿ ಪುಡಿಯನ್ನು ಹಾಕಿದರೆ ಕಂದು ಪಾಕ ಹಳದಿಗೆ ತಿರುಗುತ್ತದೆ. ಸಂತೆಯಲ್ಲಿ ಬೆಳ್ಳಗಿನ ಅಚ್ಚಿಗೇ ಗಿರಾಕಿ. ಕಬ್ಬು ಅಷ್ಟಾಗಿ ಇಲ್ಲದ ನಾಗಮಂಗಲದ ಬೆದ್ದಲು ಸೀಮೆಯಲ್ಲೂ ಕೊಳ್ಳುವವರ ಕಣ್ಣು ಅದರ ಮೇಲೆಯೇ. ಆದರೆ ಈ ಪುಡಿ ಮೂಲತಃ ಬಣ್ಣಗಾರನ ಸರಕು ಎಂಬುದು ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಗೊತ್ತು?

ಅದರ ಪೂರ್ಣ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಗಂಧಕದ ಒಂದು ಸಂಯುಕ್ತ. ರಸಾಯನಶಾಸ್ತ್ರದಲ್ಲಿ ಅಪಕರ್ಷಣ ಎನ್ನುತ್ತಾರಲ್ಲ, ಆಮ್ಲಜನಕವನ್ನು ಕಸಿಯುವುದು, ಅದೇ ಇದರ ಕೆಲಸ. ನೀಲಿ ಬಣ್ಣವನ್ನೇ ನೋಡಿ. ಅದು ನೀರಿನಲ್ಲಿ ಕರಗದು. ಕರಗದ ಬಣ್ಣ ನೂಲಿನೊಳಕ್ಕೆ ಇಳಿಯದು. ಹಿಂದಿನ ಬಣ್ಣಗಾರರು ಸುಣ್ಣ, ತಗಚೆ ಬೀಜ ಸೇರಿಸಿ ದಿನಗಟ್ಟಲೆ ಹುದುಗಿಸಿ ಅದನ್ನು ಕರಗಿಸುತ್ತಿದ್ದರು. ಹೈಡ್ರೋಸ್ ಬಂದ ಮೇಲೆ ಆ ಕೆಲಸ ಬಹಳ ಬೇಗ ಆಗತೊಡಗಿತು. ತೊಟ್ಟಿಯಿಂದ ಹಳದಿ-ಹಸಿರಾಗಿ ಎದ್ದ ನೂಲು ಗಾಳಿ ತಾಗಿದೊಡನೆ ನೀಲಿಯಾಗುತ್ತದೆ.

ಗಂಧಕವೇ ಮೈಯಾದ ಇನ್ನೊಂದು ಬಗೆಯ ಬಣ್ಣಗಳೂ ಇವೆ. 1873ರಲ್ಲಿ ಫ್ರಾನ್ಸಿನ ಕ್ರೋಸಾಂ ಮತ್ತು ಬ್ರೆತೊನಿಯೇರ್ ಎಂಬಿಬ್ಬರು ಮರದ ಹೊಟ್ಟು, ತೌಡಿನಂಥ ಕಸವನ್ನು ಗಂಧಕದ ಕ್ಷಾರಗಳೊಡನೆ ಕಾಯಿಸಿ ಕಂದು ಬಣ್ಣ ತೆಗೆದರು. ಇಪ್ಪತ್ತು ವರ್ಷಗಳ ಬಳಿಕ ವಿದಾಲ್ ಎಂಬಾತ ಕಪ್ಪನ್ನು ಪಡೆದ. ಹತ್ತಿಬಟ್ಟೆಗೆ ಅಗ್ಗದ, ಒಗೆದರೂ ಹೋಗದ ಕಪ್ಪು ಎಂದರೆ ಇಂದಿಗೂ ಗಂಧಕದ ಕಪ್ಪೇ. ಬ್ಲೀಚಿಂಗ್ ಪೌಡರ್ ಸೋಕಿದರೆ ಮಾತ್ರ ಅದು ಉಳಿಯದು.

ಈ ಬಣ್ಣದ ಅಣುಗಳು ಗಂಧಕದ ಕೊಂಡಿಗಳಿಂದ ಬೆಸೆದುಕೊಂಡಿರುತ್ತವೆ. ಸೋಡಿಯಂ ಸಲ್ಫೈಡ್ ಹಾಕಿದ ಬಿಸಿನೀರಿನಲ್ಲಿ ಕೊಂಡಿಗಳು ಕಳಚಿ ಬಣ್ಣ ಕರಗುತ್ತದೆ. ಉಪ್ಪು ಬೆರೆಸಿದರೆ ಹತ್ತಿ ಅದನ್ನು ಚೆನ್ನಾಗಿ ಹೀರುತ್ತದೆ. ಆಮೇಲೆ ಗಾಳಿಗೆ ಹಿಡಿದರೆ ಅಥವಾ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿದರೆ ಕೊಂಡಿಗಳು ಎಳೆಯೊಳಗೇ ಮತ್ತೆ ಕೂಡಿ, ಬಣ್ಣ ಅಲ್ಲೇ ಸೆರೆಯಾಗುತ್ತದೆ.

ನೇಕಾರರ ಊರಾದ ಕೊಡಿಯಾಲದಲ್ಲಾಗಲಿ, ಪಂಚೆಗೆ ಹೆಸರಾದ ಮೇಲುಕೋಟೆಯಲ್ಲಾಗಲಿ ಮಗ್ಗದ ಮುಂದೆ ಕೂತವರಿಗೆ ಒಂದು ಮಾತು ಗೊತ್ತು: ಹತ್ತಿಗೆ ಒಗ್ಗುವುದೆಲ್ಲ ರೇಷ್ಮೆಗೆ ಒಗ್ಗದು. ಚರ್ಮ ಹದಮಾಡುವವರು ತೊಗಲಿನ ಕೂದಲು ಉದುರಿಸಲು ಬಳಸುವುದೂ ಇದೇ ಸೋಡಿಯಂ ಸಲ್ಫೈಡನ್ನು. ಕೂದಲಿನಂತೆ ರೇಷ್ಮೆಯೂ ಪ್ರೋಟೀನು. ಈ ತೊಟ್ಟಿಯಲ್ಲಿ ಅದು ಕೆಡುತ್ತದೆ. ಹತ್ತಿಯೂ ಪೂರ್ತಿ ಪಾರಾಗುವುದಿಲ್ಲ. ಸರಿಯಾಗಿ ತೊಳೆಯದ ಕಪ್ಪು ಬಟ್ಟೆಯಲ್ಲಿ ಉಳಿದ ಗಂಧಕ ತೇವಕ್ಕೆ ನಿಧಾನವಾಗಿ ಗಂಧಕಾಮ್ಲವಾಗುತ್ತದೆ, ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಜೀರ್ಣವಾಗಿ ಮುಟ್ಟಿದರೆ ಹರಿಯುತ್ತದೆ. ಉಟ್ಟವರು ನೇಕಾರನನ್ನು ಬೈಯುವುದು, ಪಾಪ, ಆಗಲೇ.

ಬಟ್ಟೆಗಿಂತ ದೊಡ್ಡ ಅಪಾಯ ತೊಟ್ಟಿಯ ಕೊಳೆನೀರಿನದು. ಅದಕ್ಕೆ ಆಮ್ಲ ಬೆರೆತರೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಈ ಅನಿಲ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದೆ ಹೋಗುತ್ತದೆ. ಗುಂಡಿಗೆ ಇಳಿದವನು ಏನೂ ಇಲ್ಲವೆಂದುಕೊಂಡೇ ಉಸಿರು ಬಿಡುತ್ತಾನೆ. ಹೊಳೆಗೆ ಬಿಟ್ಟರೆ ನೀರಿನ ಆಮ್ಲಜನಕವನ್ನು ಸಲ್ಫೈಡ್ ಕಬಳಿಸಿ ಮೀನು ಸಾಯುತ್ತವೆ. ಅದಕ್ಕೇ ಈಗ ಕೆಲವು ಕಾರ್ಖಾನೆಗಳು ಸಲ್ಫೈಡಿನ ಬದಲು ಗ್ಲೂಕೋಸನ್ನು ಬಳಸುತ್ತಿವೆ. ಬಣ್ಣದ ತೊಟ್ಟಿಗೆ ಸಕ್ಕರೆ, ಬೆಲ್ಲದ ಕೊಪ್ಪರಿಗೆಗೆ ಬಣ್ಣಗಾರನ ಪುಡಿ!

ಆ ಪುಡಿ ಬೆಲ್ಲದಲ್ಲಿ ಉಳಿಸುವುದು ಸಲ್ಫರ್ ಡೈಆಕ್ಸೈಡಿನ ಅಂಶ. ಅಸ್ತಮಾ ಇರುವ ಕೆಲವರಿಗೆ ಅದು ಉಬ್ಬಸ ಕೆರಳಿಸಬಲ್ಲದು. ಆಹಾರದ ಕಾನೂನು ಅದಕ್ಕೊಂದು ಮಿತಿ ಇಟ್ಟಿರುವುದು ಸುಮ್ಮನೆ ಅಲ್ಲ. ಇಷ್ಟೆಲ್ಲ ಮಾಡಿದರೂ ಬಿಳುಪು ನಿಲ್ಲುವುದಿಲ್ಲ. ನೂಲಿನ ನೀಲಿ ಗಾಳಿಗೆ ಮರಳುವಂತೆಯೇ, ಅಂಗಡಿಯಲ್ಲಿಟ್ಟ ಬೆಲ್ಲವೂ ದಿನ ಕಳೆದಂತೆ ಕಂದಿಗೆ ತಿರುಗುತ್ತದೆ. ಬೆಂಡೆಗಿಡದ ಲೋಳೆ, ಹದವಾದ ಸುಣ್ಣದಿಂದಲೇ ಹಾಲಿನ ಕಶ್ಮಲ ತೆಗೆಯುವ ಆಲೆಮನೆಗಳ ಬೆಲ್ಲ ಅಚ್ಚಿನಿಂದ ಬರುವಾಗಲೇ ಕಂದಾಗಿರುತ್ತದೆ.