ಮೋಟಾರ್ ಸೈಕಲ್ಲಿನ ಟೈರು ಮತ್ತು ಗಾಳಿಯ ಒತ್ತಡ



ಮೋಟಾರ್ ಸೈಕಲ್ಲು ಇಂದು ವಿಲಾಸದ ವಸ್ತುವಾಗಿ ಉಳಿದಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯಂತಹ ನಗರಗಳಲ್ಲಿ ಕಚೇರಿ, ಕಾರ್ಖಾನೆಗಳಿಗೆ ಹೋಗುವ ಲಕ್ಷಾಂತರ ಜನರಿಗೆ ಅದು ನಿತ್ಯದ ಒಡನಾಡಿ. ಎಂಜಿನ್ ಆಯಿಲ್, ಬ್ರೇಕು, ಚೈನುಗಳತ್ತ ಗಮನ ಕೊಡುವ ಸವಾರರಲ್ಲಿಯೂ ಅನೇಕರು ಟೈರಿನ ಗಾಳಿಯನ್ನು ಮಾತ್ರ ಹೆಬ್ಬೆರಳಿನಿಂದ ಒತ್ತಿ ನೋಡಿ ತೃಪ್ತರಾಗುತ್ತಾರೆ. ಆದರೆ ಸವಾರನ ಹಾಗೂ ಅವನ ಹಿಂದೆ ಕುಳಿತವರ ಸುರಕ್ಷತೆ ಬಹುಮಟ್ಟಿಗೆ ಈ ಗಾಳಿಯನ್ನೇ ಅವಲಂಬಿಸಿದೆ.

ವಾಹನದ ಭಾರವನ್ನು ಮುಖ್ಯವಾಗಿ ಹೊರುವುದು ರಬ್ಬರಲ್ಲ; ಟೈರಿನೊಳಗೆ ಅದುಮಿ ತುಂಬಿದ ಗಾಳಿ. ಹಿಂದಿನ ಚಕ್ರದ ಮೇಲೆ 100 ಕಿಲೋಗ್ರಾಂ ಭಾರವಿದ್ದು, ಟೈರಿನ ಒತ್ತಡವು ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಇದ್ದರೆ, ಸ್ಥೂಲ ಲೆಕ್ಕದಲ್ಲಿ ಆ ಟೈರು ರಸ್ತೆಯನ್ನು ಸ್ಪರ್ಶಿಸುವ ಭಾಗ ಸುಮಾರು 50 ಚದರ ಸೆಂಟಿಮೀಟರು ಮಾತ್ರ. ಅದು ವಯಸ್ಕನ ಅಂಗೈಗಿಂತಲೂ ಚಿಕ್ಕದು. ಬ್ರೇಕಿನ ಹಿಡಿತ, ತಿರುವಿನಲ್ಲಿ ವಾಹನದ ಸ್ಥಿರತೆ ಎಲ್ಲವೂ ಇಷ್ಟು ಅಲ್ಪ ಜಾಗದಿಂದಲೇ ಸಾಧ್ಯವಾಗಬೇಕು.

ಗಾಳಿ ಕಡಿಮೆಯಾದಾಗ ಟೈರಿನ ಪಕ್ಕದ ಗೋಡೆಗಳು ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಬಾಗಿ ಬಿಸಿಯಾಗುತ್ತವೆ. ಹ್ಯಾಂಡಲ್ ಭಾರವೆನಿಸುತ್ತದೆ, ಪೆಟ್ರೋಲಿನ ವೆಚ್ಚ ಏರುತ್ತದೆ, ಟೈರಿನ ಅಂಚುಗಳು ಬೇಗ ಸವೆಯುತ್ತವೆ. ಟ್ಯೂಬು ಇರುವ ಚಕ್ರದಲ್ಲಿ ಟೈರು ರಿಮ್ಮಿನ ಮೇಲೆ ಜಾರಿ, ವಾಲ್ವಿನ ಬುಡ ಹರಿದು, ಓಡುತ್ತಿರುವಾಗಲೇ ಗಾಳಿಯೆಲ್ಲ ಹೊರಹೋಗುವ ಅಪಾಯವೂ ಉಂಟು.

ಹಾಗೆಂದು ಗಾಳಿ ಹೆಚ್ಚಿದ್ದಷ್ಟೂ ಒಳಿತು, ಪೆಟ್ರೋಲು ಉಳಿಯುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಒತ್ತಡ ಮಿತಿಮೀರಿದರೆ ರಸ್ತೆಯನ್ನು ಸ್ಪರ್ಶಿಸುವ ಭಾಗ ಇನ್ನಷ್ಟು ಕಿರಿದಾಗುತ್ತದೆ. ಟೈರಿನ ನಡುಭಾಗ ಮಾತ್ರ ಸವೆಯುತ್ತದೆ. ಗುಂಡಿಗಳ ಹೊಡೆತ ನೇರವಾಗಿ ರಿಮ್ಮಿಗೂ ಸವಾರನ ಬೆನ್ನಿಗೂ ತಾಗುತ್ತದೆ. ಮುಂಬಯಿಯ ಮಳೆಗಾಲದ ಒದ್ದೆ ರಸ್ತೆಯಲ್ಲಿ ಹಠಾತ್ತನೆ ಬ್ರೇಕು ಹಾಕಬೇಕಾಗಿ ಬಂದಾಗ ಈ ಕೊರತೆ ಪ್ರಾಣಾಪಾಯಕ್ಕೆ ಎಡೆಮಾಡಬಹುದು.

ಹಾಗಾದರೆ ಸರಿಯಾದ ಒತ್ತಡ ಯಾವುದು? ಅದನ್ನು ನಿಗದಿಪಡಿಸುವವರು ವಾಹನದ ತಯಾರಕರು. ವಾಹನದೊಡನೆ ಬರುವ ಕೈಪಿಡಿಯಲ್ಲಿ, ಹಲವು ವಾಹನಗಳಲ್ಲಿ ಚೈನಿನ ಕವಚದ ಮೇಲಿನ ಚೀಟಿಯಲ್ಲಿಯೂ, ಅದು ನಮೂದಾಗಿರುತ್ತದೆ. ಟೈರಿನ ಗೋಡೆಯ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡವು ಆ ಟೈರಿನ ಮಿತಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ. ನಮ್ಮ ದೇಶದ ಅನೇಕ ಸಾಮಾನ್ಯ ಮೋಟಾರ್ ಸೈಕಲ್ಲುಗಳಿಗೆ, ಒಬ್ಬನೇ ಸವಾರನಿದ್ದಾಗ, ಮುಂದಿನ ಟೈರಿಗೆ 25 ಹಾಗೂ ಹಿಂದಿನದಕ್ಕೆ 28 ಪೌಂಡಿನಷ್ಟು ಒತ್ತಡವನ್ನು ಸೂಚಿಸಲಾಗಿರುತ್ತದೆ. ಇದು ಚದರ ಅಂಗುಲದ ಲೆಕ್ಕ. ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಎಂದರೆ ಚದರ ಅಂಗುಲಕ್ಕೆ ಸುಮಾರು 14.2 ಪೌಂಡು. ಆದರೂ ಪ್ರತಿಯೊಬ್ಬರೂ ತಮ್ಮ ವಾಹನದ ಕೈಪಿಡಿಯನ್ನೇ ಪ್ರಮಾಣವೆಂದು ಭಾವಿಸಬೇಕು.

ಹಿಂದೆ ಇನ್ನೊಬ್ಬರು ಕುಳಿತಾಗ ಹೆಚ್ಚುವರಿ ಭಾರದ ಬಹುಭಾಗ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಆದುದರಿಂದಲೇ ಇಬ್ಬರ ಸವಾರಿಗೆ ಹಿಂದಿನ ಟೈರಿನ ಒತ್ತಡವನ್ನು ಕೈಪಿಡಿಗಳು ಪ್ರತ್ಯೇಕವಾಗಿ ತಿಳಿಸುತ್ತವೆ. ವಾರವೆಲ್ಲ ಒಬ್ಬನೇ ಓಡಾಡಿ, ಭಾನುವಾರ ಪತ್ನಿಯೊಡನೆ ದೂರದ ಊರಿಗೆ ಹೊರಡುವವನು ಮರೆಯುವುದು ಈ ಅಂಶವನ್ನೇ. ಆದರೆ ಗಾಳಿ ಹೆಚ್ಚಿಸಿದ ಮಾತ್ರಕ್ಕೆ ಮೂವರ ಸವಾರಿ ಸುರಕ್ಷಿತವಾಗದು. 1988ರ ಮೋಟಾರು ವಾಹನಗಳ ಅಧಿನಿಯಮದ 128ನೆಯ ಪ್ರಕರಣವು ಸವಾರನ ಹಿಂದೆ ಒಬ್ಬರಿಗೆ ಮಾತ್ರ ಅವಕಾಶ ನೀಡುತ್ತದೆ.

ಒತ್ತಡವನ್ನು ಅಳೆಯುವ ಸಮಯವೂ ಮುಖ್ಯ. ಓಡಿದ ಟೈರು ಬಿಸಿಯಾಗಿ ಒಳಗಿನ ಒತ್ತಡ ಏರಿರುತ್ತದೆ. ಆದಕಾರಣ ಬೆಳಿಗ್ಗೆ, ವಾಹನ ಹೊರಡುವ ಮುನ್ನ, ಟೈರು ತಣ್ಣಗಿರುವಾಗ ಅಳೆಯುವುದು ಕ್ರಮ. ದೂರ ಓಡಿ ಬಂದ ಟೈರಿನಲ್ಲಿ ಒತ್ತಡ ತುಸು ಹೆಚ್ಚು ಕಂಡಿತೆಂದು ಗಾಳಿ ಬಿಟ್ಟರೆ, ತಣಿದ ಮೇಲೆ ಅದು ಅಗತ್ಯಕ್ಕಿಂತ ಕಡಿಮೆಯಾಗುತ್ತದೆ.

ಋತುಮಾನದ ಪ್ರಭಾವವನ್ನೂ ಅಲಕ್ಷಿಸಲಾಗದು. 28 ಪೌಂಡಿನ ಟೈರಿನಲ್ಲಿ ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡ ಸರಿಸುಮಾರು 1 ಪೌಂಡು ಇಳಿಯುತ್ತದೆ. ದೆಹಲಿಯಲ್ಲಿ ಜೂನ್ ತಿಂಗಳ 40 ಡಿಗ್ರಿಯಲ್ಲಿ ಸರಿಯಾಗಿ ತುಂಬಿದ ಟೈರು, ಜನವರಿಯ 8 ಡಿಗ್ರಿಯ ಮುಂಜಾನೆ, ಯಾವ ಸೋರಿಕೆಯೂ ಇಲ್ಲದೆ 4 ಪೌಂಡಿಗೂ ಅಧಿಕ ಒತ್ತಡ ಕಳೆದುಕೊಂಡಿರುತ್ತದೆ. ಇದರೊಡನೆ ರಬ್ಬರಿನ ಮೂಲಕ ನಿಧಾನವಾಗಿ ನಡೆಯುವ ಸಹಜ ಸೋರಿಕೆಯೂ ಸೇರುತ್ತದೆ.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಸಣ್ಣದೊಂದು ಒತ್ತಡಮಾಪಕವನ್ನು ಮನೆಯಲ್ಲಿಟ್ಟುಕೊಂಡು ವಾರಕ್ಕೊಮ್ಮೆ ಎರಡೂ ಟೈರುಗಳನ್ನು ಪರೀಕ್ಷಿಸಿ, ಕೊರತೆಯಿದ್ದರೆ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ತುಂಬಿಸಬೇಕು. ಪರೀಕ್ಷೆಯ ನಂತರ ವಾಲ್ವಿನ ಮುಚ್ಚಳವನ್ನು ತಪ್ಪದೆ ಹಾಕಬೇಕು. ಒಂದೇ ಟೈರಿನ ಗಾಳಿ ಪದೇ ಪದೇ ಇಳಿಯುತ್ತಿದ್ದರೆ ಮತ್ತೆ ಮತ್ತೆ ತುಂಬಿಸುತ್ತ ಕಾಲ ಕಳೆಯದೆ ಪಂಕ್ಚರ್ ಅಂಗಡಿಯಲ್ಲಿ ತೋರಿಸಬೇಕು. ವಾರಕ್ಕೆ ಐದು ನಿಮಿಷಗಳ ಈ ಅಭ್ಯಾಸವು ಟೈರಿನ ಬಾಳಿಕೆಯನ್ನು ಹೆಚ್ಚಿಸುತ್ತದೆ, ಇಂಧನವನ್ನು ಉಳಿಸುತ್ತದೆ; ಎಲ್ಲಕ್ಕೂ ಮಿಗಿಲಾಗಿ, ಮನೆಯಿಂದ ಹೊರಟವರು ಕ್ಷೇಮವಾಗಿ ಮನೆ ಸೇರಲು ನೆರವಾಗುತ್ತದೆ.